ಶಾಲೆಯಂಗಳದ ಪಚ್ಚೆ ಜೀರ್ಜಿಂಬೆ

2022ರ ಜೂನ್ 30. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ ಫಾರೆಸ್ಟ್ ಗ್ರೋವ್ ಎಂಬ ಸಣ್ಣ ಊರು. ಬೇಸಿಗೆ ಶಿಬಿರದಿಂದ ಮಕ್ಕಳನ್ನು ಕರೆದೊಯ್ಯಲು ಅಪ್ಪನೊಬ್ಬ ಶಾಲೆಯೊಂದರ ಹೊರಗೆ ಕಾಯುತ್ತಿದ್ದ. ಎದುರಿಗಿದ್ದ ಆ್ಯಶ್ ಮರಗಳು ಸೊರಗಿದಂತೆ ಕಂಡವು. ಹತ್ತಿರ ಹೋಗಿ ನೋಡಿದರೆ, ತೊಗಟೆಯ ಮೇಲೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ತೂತುಗಳು. ಒಂದೊಂದೂ ಮೂರ್ನಾಲ್ಕು ಮಿಲಿಮೀಟರ್. ಆತ ಪೋರ್ಟ್‌ಲ್ಯಾಂಡ್ ನಗರಾಡಳಿತದ ಜೀವವಿಜ್ಞಾನಿ. ಹೊರಗಿನಿಂದ ನುಗ್ಗುವ ಜೀವಿಗಳ ಮೇಲೆ ಕಣ್ಣಿಡುವುದೇ ಆತನ ಕೆಲಸ. ಆ ತೂತು ಯಾರದ್ದೆಂದು ಆತನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದು ‘ಎಮರಾಲ್ಡ್ ಆ್ಯಶ್ ಬೋರರ್’, ಆ್ಯಶ್ ಕೊರೆಯುವ ಪಚ್ಚೆ ದುಂಬಿ. ಅಲ್ಲಿಯವರೆಗೆ ಅಮೆರಿಕದಲ್ಲಿ ಅದು ಕೊಲೊರಾಡೊ ದಾಟಿ ಪಶ್ಚಿಮಕ್ಕೆ ಬಂದಿರಲಿಲ್ಲ. ಪೆಸಿಫಿಕ್ ಕರಾವಳಿಯ ರಾಜ್ಯಗಳಲ್ಲಿ ಸಿಕ್ಕಿದ್ದು ಅದೇ ಮೊದಲು.

ನಮ್ಮ ಹಳ್ಳಿಗಳಲ್ಲಿ ಮಕ್ಕಳು ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ಜೀರ್ಜಿಂಬೆ ನೆನಪಿದೆಯೇ? ಈ ದುಂಬಿಯೂ ಅದೇ ಕುಟುಂಬದ್ದು. ಗಾತ್ರದಲ್ಲಿ ಬಹಳ ಚಿಕ್ಕದು, ಉದ್ದ ಒಂದು ಸೆಂಟಿಮೀಟರ್ ಆಸುಪಾಸು. ಹೊಳಪು ಮಾತ್ರ ಅದೇ ಬಗೆಯದು. ಆ್ಯಶ್ ಮರವೂ ನಮಗೆ ತೀರಾ ಪರಕೀಯವಲ್ಲ. ಮಲ್ಲಿಗೆ, ಪಾರಿಜಾತಗಳ ಬಳಗಕ್ಕೇ ಸೇರಿದ್ದು.

ಬೆಳೆದ ದುಂಬಿ ಎಲೆಯ ಅಂಚು ಮೆಲ್ಲುತ್ತದೆ ಅಷ್ಟೆ, ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಕೇಡೆಲ್ಲ ಮರಿಹುಳುವಿನದು. ತೊಗಟೆಯ ಬಿರುಕಿನಲ್ಲಿಟ್ಟ ಮೊಟ್ಟೆಯಿಂದ ಹೊರಬಂದ ಹುಳು ಒಳಗಿಳಿದು, ತೊಗಟೆಗೂ ಕಟ್ಟಿಗೆಗೂ ನಡುವೆ ಹಾವು ಹರಿದಂತೆ ಅಂಕುಡೊಂಕಾಗಿ ತಿನ್ನುತ್ತಾ ಸಾಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಅದು. ಹುಳುಗಳು ಹೆಚ್ಚಿದಂತೆ ದಾರಿ ಸುತ್ತಲೂ ಕಡಿದುಹೋಗುತ್ತದೆ. ಮರ ಕೆಲವೇ ವರ್ಷಗಳಲ್ಲಿ ನಿಂತಲ್ಲೇ ಸಾಯುತ್ತದೆ. ನಮ್ಮ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕದ ಕಾಟ ಗೊತ್ತು. ಹೊರಗೆ ಗುರುತು ಕಾಣುವಷ್ಟರಲ್ಲಿ ಒಳಗೆ ಎಲ್ಲ ಮುಗಿದಿರುತ್ತದೆ ಎಂಬ ಸಂಕಟ ಇಲ್ಲಿಯೂ ಅದೇ.

ದುಂಬಿಯ ತವರು ಚೀನಾ, ಕೊರಿಯಾ, ರಷ್ಯಾದ ಪೂರ್ವ ಭಾಗ. ಅಲ್ಲಿನ ಆ್ಯಶ್ ಮರಗಳು ಅದರೊಂದಿಗೇ ಬೆಳೆದು ತಡೆದುಕೊಳ್ಳಲು ಕಲಿತಿವೆ. ಅಮೆರಿಕದ ಮರಗಳಿಗೆ ಆ ಅಭ್ಯಾಸವಿಲ್ಲ. 2002ರಲ್ಲಿ ಡೆಟ್ರಾಯಿಟ್ ಬಳಿ ಅದು ಪತ್ತೆಯಾದಾಗ ಹೆಸರು ಹೇಳಬಲ್ಲವರೇ ಅಲ್ಲಿರಲಿಲ್ಲ. ಗುರುತಿಸಿದವರು ಯುರೋಪಿನ ಸ್ಲೊವಾಕಿಯಾದ ತಜ್ಞರು. ಒಣಗಿದ ಮರಗಳ ವಾರ್ಷಿಕ ಉಂಗುರ ಎಣಿಸಿದ ಮೇಲೆ ಗೊತ್ತಾಯಿತು, ಅದು ಬಂದು ಆಗಲೇ ಸುಮಾರು ಹತ್ತು ವರ್ಷವಾಗಿತ್ತು. ಸರಕಿನ ಪೆಟ್ಟಿಗೆಯ ಹಸಿ ಮರದಲ್ಲಿ ಬಂದಿರಬೇಕೆಂಬುದು ತಜ್ಞರ ತೀರ್ಮಾನ. ಇಂದು ಸರಕು ಕಟ್ಟುವ ಮರವನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಬೇಕೆಂಬ ಅಂತರರಾಷ್ಟ್ರೀಯ ನಿಯಮವಿರುವುದು ಇಂಥ ಪ್ರಯಾಣಿಕರನ್ನು ತಡೆಯಲಿಕ್ಕೇ.

ಆಮೇಲೆ ಸತ್ತ ಮರಗಳ ಲೆಕ್ಕ ಕೋಟಿಗಳಲ್ಲಿದೆ. 2013ರ ಅಧ್ಯಯನವೊಂದು ನನ್ನನ್ನು ತುಂಬ ಕಲಕಿತು. ದುಂಬಿ ಹರಡಿದ 15 ರಾಜ್ಯಗಳಲ್ಲಿ ಹೃದಯಕ್ಕೆ ಸಂಬಂಧಿಸಿದ 15,080, ಉಸಿರಾಟಕ್ಕೆ ಸಂಬಂಧಿಸಿದ 6,113 ಹೆಚ್ಚುವರಿ ಸಾವುಗಳಿಗೂ ಮರಗಳ ನಾಶಕ್ಕೂ ನಂಟು ಕಂಡುಬಂದಿದೆ ಎಂದಿತ್ತು ಅದು. ನಂಟೆಂದರೆ ಕಾರಣವೇ ಎಂದಲ್ಲ, ನಿಜ. ಆದರೂ ನೆರಳು ಕಳೆದುಕೊಂಡ ಬೀದಿಯಲ್ಲಿ ಬದುಕುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆರೆಗಾನ್ ಮಾತ್ರ ಕೈಕಟ್ಟಿ ಕುಳಿತಿರಲಿಲ್ಲ. ಅಲ್ಲಿನ ಹೊಳೆದಂಡೆ, ಜೌಗು ನೆಲಗಳನ್ನು ತಂಪಾಗಿಡುವುದು ಆರೆಗಾನ್ ಆ್ಯಶ್. ದುಂಬಿ ಬರುವ ಮೊದಲೇ, 2019ರಿಂದ, ರಾಜ್ಯದ ನಾನಾ ಕಡೆಯ ಮರಗಳಿಂದ ಬೀಜ ಆರಿಸಿ ಕಾಪಿಡುವ ಕೆಲಸ ಶುರುವಾಗಿತ್ತು. ಆ ಬೀಜಗಳಲ್ಲಿ ದುಂಬಿಯನ್ನು ತಾಳಬಲ್ಲ ತಳಿ ಎಲ್ಲಾದರೂ ಇದ್ದೀತೆಂದು ಹುಡುಕುತ್ತಿದ್ದಾರೆ. ಮನೆಗೆ ಬೆಂಕಿ ಬೀಳುವ ಮೊದಲೇ ಬಾವಿ ತೋಡಿದವರು ಇವರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ದುಂಬಿ ತಾನಾಗಿ ಹಾರಿದರೆ ವರ್ಷಕ್ಕೆ ಕೆಲವೇ ಕಿಲೋಮೀಟರ್. ಅದನ್ನು ನೂರಾರು ಮೈಲಿ ದಾಟಿಸುವುದು ಸೌದೆಯ ಹೊರೆ, ನರ್ಸರಿಯ ಸಸಿ. ಫಾರೆಸ್ಟ್ ಗ್ರೋವ್ ಇರುವ ಕೌಂಟಿಯಲ್ಲೇ ಹಿಲ್ಸ್‌ಬರೊ, ಬೀವರ್ಟನ್ ಇವೆ. ಚಿಪ್ ಕಾರ್ಖಾನೆಗಳಿಗೆಂದು ಹೋಗಿ ನೆಲೆಸಿದ ನಮ್ಮವರಿರುವ ಊರುಗಳು. ನಿಮ್ಮ ಮಗನೋ ಮಗಳೋ ಅಲ್ಲಿದ್ದರೆ ಈ ವಾರದ ಫೋನಿನಲ್ಲಿ ಒಂದು ಮಾತು ಹೇಳಿ: ಕ್ಯಾಂಪಿಂಗ್‌ಗೆ ಹೋಗುವಾಗ ಮನೆಯಿಂದ ಸೌದೆ ಒಯ್ಯಬೇಡಿ, ಹೋದಲ್ಲೇ ಕೊಂಡು, ಅಲ್ಲೇ ಉರಿಸಿ ಬನ್ನಿ.