ನಾಯಿಯ ಕೊನೆಗಾಲ

ಮನುಷ್ಯನ ಆಯುಸ್ಸಿನೊಡನೆ ಹೋಲಿಸಿದರೆ ನಾಯಿಯ ಆಯುಸ್ಸು ಬಹು ಅಲ್ಪವಾದುದು. ಹತ್ತು ಹನ್ನೆರಡು ವರ್ಷ, ಹೆಚ್ಚೆಂದರೆ ಹದಿನೈದು ವರ್ಷ. ಅಷ್ಟರಲ್ಲಿ ಅದರ ಬಾಲ್ಯ, ಯೌವನ, ಮುಪ್ಪು ಎಲ್ಲವೂ ಮುಗಿದುಹೋಗುತ್ತವೆ. ಆದುದರಿಂದ ನಾಯಿಯನ್ನು ಸಾಕುವವನು ಸಾಮಾನ್ಯವಾಗಿ ಅದರ ಮರಣವನ್ನೂ ಕಾಣಬೇಕಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಆ ಕಾಲ ಬಂದಾಗ ಏನು ಮಾಡಬೇಕೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ಬೀದಿಯಲ್ಲಿ ಬಿದ್ದಿದ್ದ ನಾಯಿಯನ್ನು ಎತ್ತಿ ತಂದು ಬದುಕಿಸಿದವರಿಗಂತೂ ಇದು ಇನ್ನೂ ಕಷ್ಟ. ಒಮ್ಮೆ ಸಾವಿನ ಬಾಯಿಂದ ಬಿಡಿಸಿದ ಜೀವವನ್ನು ಮತ್ತೊಮ್ಮೆ ಬಿಡಿಸಲಾರೆವೆ ಎಂಬ ಹಟ ಅವರ ಮನಸ್ಸಿನಲ್ಲಿ ಹುಟ್ಟುತ್ತದೆ. ಈ ಹಟ ಎಲ್ಲಿಯವರೆಗೆ ಪ್ರೀತಿ, ಎಲ್ಲಿಂದ ಮುಂದೆ ನಾಯಿಗೆ ಹಿಂಸೆ ಎಂಬುದನ್ನು ತಿಳಿಯುವುದೇ ಇಲ್ಲಿನ ಮುಖ್ಯ ಪ್ರಶ್ನೆ.

ನಮ್ಮ ಮನೆಯ ಕೆಂಚನನ್ನು ಮಳೆಗಾಲದ ಒಂದು ಸಂಜೆ ಚರಂಡಿಯಿಂದ ಎತ್ತಿ ತಂದಿದ್ದೆವು. ಆಗಲೇ ಅವನು ಬೆಳೆದ ನಾಯಿ. ಹಲ್ಲು ನೋಡಿ ಮೂರೋ ನಾಲ್ಕೋ ವರ್ಷವಿರಬಹುದೆಂದು ಪಶುವೈದ್ಯರು ಹೇಳಿದರು. ಹಿಂಗಾಲು ಮುರಿದಿತ್ತು, ಮೈತುಂಬ ಉಣ್ಣೆ ಹತ್ತಿತ್ತು. ಕಾಲು ಕೂಡಿಕೊಂಡಿತು, ಉಣ್ಣೆ ಹೋಯಿತು, ಏಳು ವರ್ಷ ನಮ್ಮ ಬಾಗಿಲು ಕಾಯ್ದ. ಎಂಟನೆಯ ವರ್ಷ ಅವನಿಗೆ ವಿಪರೀತ ಬಾಯಾರಿಕೆ ಆರಂಭವಾಯಿತು. ಬಟ್ಟಲು ಬಟ್ಟಲು ನೀರು ಕುಡಿಯುವನು. ರಾತ್ರಿ ನಡುಮನೆಯಲ್ಲೇ ಉಚ್ಚೆ ಹೊಯ್ಯುವನು. ಮುಪ್ಪಿನ ಹೊಲಸು ಚಾಳಿಯೆಂದು ಗದರಿದೆವು. ರಾತ್ರಿ ನೀರಿನ ಬಟ್ಟಲನ್ನು ಎತ್ತಿಟ್ಟೆವು. ಅದು ನಾವು ಮಾಡಿದ ದೊಡ್ಡ ತಪ್ಪು. ಅವನ ಮೂತ್ರಪಿಂಡಗಳು ಸೋಲುತ್ತಿದ್ದವು.

ಮೂತ್ರಪಿಂಡವೆಂದರೆ ರಕ್ತವನ್ನು ಸೋಸುವ ಅತಿ ಸೂಕ್ಷ್ಮವಾದ ಸೋಸುಗಗಳ ಒಂದು ಸಮೂಹ. ಇವು ರಕ್ತದಲ್ಲಿನ ಕಲ್ಮಷವನ್ನು ಬೇರೆಮಾಡಿ, ನೀರನ್ನು ಮರಳಿ ದೇಹಕ್ಕೆ ಒಪ್ಪಿಸುತ್ತವೆ. ಒಮ್ಮೆ ನಾಶವಾದ ಸೋಸುಗ ಮತ್ತೆ ಹುಟ್ಟುವುದಿಲ್ಲ. ಉಳಿದವು ಅದರ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹೀಗಾಗಿ ಸುಮಾರು ಮೂರರಲ್ಲಿ ಎರಡು ಪಾಲು ಶಕ್ತಿ ಹೋಗುವವರೆಗೂ ಹೊರಗೆ ಏನೂ ಕಾಣುವುದಿಲ್ಲ. ಅನಂತರ ನೀರನ್ನು ಹಿಡಿದಿಡುವ ಬಲ ಕುಗ್ಗಿ, ನಾಯಿ ಹೆಚ್ಚು ಉಚ್ಚೆ ಹೊಯ್ಯುತ್ತದೆ. ಕಳೆದುಕೊಂಡದ್ದನ್ನು ತುಂಬಲು ಹೆಚ್ಚು ಕುಡಿಯುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋಗುವ ಹೊತ್ತಿಗೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಂಬ ಕಲ್ಮಷ ಏರಿರುವುದು ಗೋಚರಿಸುತ್ತದೆ. ಆಮೇಲೆ ಓಕರಿಕೆ, ಬಾಯಿಹುಣ್ಣು, ಉಸಿರಿನ ದುರ್ಗಂಧ, ಮೈ ಕರಗುವಿಕೆ ಒಂದರ ಹಿಂದೆ ಒಂದಾಗಿ ಬರುತ್ತವೆ.

ಇದು ಏಕೆ ಬಂತು? ಉಣ್ಣೆಯಿಂದ ಹರಡುವ ಜ್ವರ, ಇಲಿಯ ಮೂತ್ರ ಬೆರೆತ ನೀರಿನಿಂದ ತಗಲುವ ಲೆಪ್ಟೋಸ್ಪೈರಾ ರೋಗ ಮುಂತಾದವು ಮೂತ್ರಪಿಂಡವನ್ನು ಕೆಡಿಸಬಲ್ಲವು. ಬೀದಿಯಿಂದ ಬಂದ ನಾಯಿಯ ಪೂರ್ವಕಥೆ ಯಾರಿಗೂ ತಿಳಿಯದು. ಆದ್ದರಿಂದ ‘ನಾವು ಹಾಕಿದ ಅನ್ನದಿಂದಲೇ ಹೀಗಾಯಿತೆ?’ ಎಂದು ಸಾಕಿದವರು ತಮ್ಮನ್ನು ತಾವೇ ದೂಷಿಸಿಕೊಳ್ಳುವುದು ಅನೇಕ ವೇಳೆ ಅನ್ಯಾಯ.

ವಾಸಿಯಾಗದು ಎಂದ ಮಾತ್ರಕ್ಕೆ ಮಾಡುವುದೇನೂ ಇಲ್ಲವೆಂದು ಅರ್ಥವಲ್ಲ. ಶುಶ್ರೂಷೆಯ ಗುರಿ ಬದಲಾಗುತ್ತದೆ, ಅಷ್ಟೆ. ಮೊದಲನೆಯದಾಗಿ, ನೀರನ್ನು ಎಂದಿಗೂ ತಡೆಯಬಾರದು. ಬಟ್ಟಲು ಹಗಲೂ ರಾತ್ರಿಯೂ ತುಂಬಿರಬೇಕು. ಎರಡನೆಯದಾಗಿ, ಆಹಾರದಲ್ಲಿ ರಂಜಕವನ್ನು ಕಡಿಮೆಮಾಡಬೇಕು. ಮೂಳೆಯಲ್ಲಿ ಅದು ಹೇರಳವಾಗಿರುವುದರಿಂದ ಮೂಳೆಯ ಉಪಚಾರ ಆಗದು. ಮೂರನೆಯದಾಗಿ, ಓಕರಿಕೆಗೆ ಔಷಧವುಂಟು. ನಾಲ್ಕನೆಯದಾಗಿ, ಹೆಗಲ ನಡುವಿನ ಸಡಿಲ ಚರ್ಮದ ಕೆಳಗೆ ಸೂಜಿಯಿಂದ ಲವಣದ್ರಾವಣ ತುಂಬಿದರೆ, ಅದು ಕೆಲವು ಗಂಟೆಗಳಲ್ಲಿ ಮೈಗೆ ಇಳಿದು ನಾಯಿ ಗೆಲುವಾಗುತ್ತದೆ. ಇದನ್ನು ಪಶುವೈದ್ಯರು ಮನೆಯವರಿಗೇ ಕಲಿಸಿಕೊಡುವುದುಂಟು. ಮೊದಲ ದಿನ ನನ್ನ ಕೈ ನಡುಗಿತು. ಎರಡನೆಯ ವಾರಕ್ಕೆ ಕೆಂಚನೇ ಚೀಲ ಕಂಡೊಡನೆ ಗೋಡೆಯ ಪಕ್ಕ ಬಂದು ಮಲಗುತ್ತಿದ್ದ. ಇನ್ನೊಂದು ಎಚ್ಚರಿಕೆ: ನೋವಿಗೆಂದು ನಾವು ನುಂಗುವ ಮಾತ್ರೆಗಳನ್ನು ಕೊಡಲೇಬಾರದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಕೂಡ ಅಪಾಯಕರ.

ಹೀಗೆ ನಮಗೆ ಐದು ತಿಂಗಳು ದೊರೆಯಿತು. ಅನಂತರ ಬಂದುದೇ ಕಠಿಣವಾದ ಪ್ರಶ್ನೆ: ಎಲ್ಲಿಯವರೆಗೆ? ನಾಯಿ ಮೂಕಪ್ರಾಣಿ, ನೋವನ್ನು ಅಡಗಿಸಿಕೊಳ್ಳುವುದು ಅದರ ಸ್ವಭಾವ. ಕೂಗದಿದ್ದರೆ ನೋವಿಲ್ಲವೆಂದು ತಿಳಿಯಬಾರದು. ಕಾರಣವಿಲ್ಲದೆ ಏದುವುದು, ಮಲಗಲಾರದೆ ಮತ್ತೆ ಮತ್ತೆ ಜಾಗ ಬದಲಿಸುವುದು, ಮೂಲೆ ಸೇರುವುದು—ಇವೂ ನೋವಿನ ಭಾಷೆಯೇ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಎಂಬುವರು 2004ರಲ್ಲಿ ಇದಕ್ಕೊಂದು ಅಳತೆಯನ್ನು ಸೂಚಿಸಿದರು. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ನಡೆದಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೆ ಎಂಬುದು—ಈ ಏಳಕ್ಕೂ ಸೊನ್ನೆಯಿಂದ 10ರವರೆಗೆ ಅಂಕ ಕೊಡಬೇಕು. ನೋವು ಕಡಿಮೆಯಿದ್ದಷ್ಟೂ ಅದರ ಅಂಕ ಹೆಚ್ಚು. ಮೊತ್ತ 35ಕ್ಕಿಂತ ಮೇಲಿದ್ದರೆ ಶುಶ್ರೂಷೆ ಮುಂದುವರಿಸಬಹುದು. ನಾವು ಇದರ ಜೊತೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು ಚುಕ್ಕೆ, ಕೆಟ್ಟ ದಿನಕ್ಕೊಂದು ಗೀಟು ಹಾಕತೊಡಗಿದೆವು. ಇದರ ಪ್ರಯೋಜನ ಬಹಳ. ಪ್ರೀತಿಸುವವನ ಕಣ್ಣು, ನಿನ್ನೆ ಒಂದು ತುತ್ತು ತಿಂದದ್ದನ್ನು ನೆನೆದು ವಾರದ ಉಪವಾಸವನ್ನು ಮರೆಯುತ್ತದೆ. ಕ್ಯಾಲೆಂಡರು ಮರೆಯುವುದಿಲ್ಲ.

ಆ ತಿಂಗಳ ಕೊನೆಗೆ ಗೀಟುಗಳೇ ಸಾಲಾಗಿ ನಿಂತವು. ಸೂಜಿಹಾಕಿ ನಿದ್ದೆಮಾಡಿಸುವ ಮಾತನ್ನು ವೈದ್ಯರು ಎತ್ತಿದಾಗ ನಮ್ಮವ್ವ ಒಪ್ಪಲಿಲ್ಲ. “ಆಯುಸ್ಸು ಮುಗಿಯೋಕೆ ಮುಂಚೆ ತೆಗೆಯೋಕೆ ನಾವ್ಯಾರು? ಎತ್ತಿಕೊಂಡು ಬಂದಿದ್ದು ಇದಕ್ಕೇನಾ?” ಎಂದಳು. ಈ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಎರಡು ರಾತ್ರಿ ಅವನ ಪಕ್ಕ ಕುಳಿತವಳೂ ಅವಳೇ. ಮೂರನೆಯ ಬೆಳಗ್ಗೆ, “ನಮ್ಮ ಆಸೆಗೆ ಅವನನ್ನು ಇಟ್ಟುಕೊಂಡಿದ್ದೀವಿ ಕಣಪ್ಪ” ಎಂದು ಅವಳೇ ಹೇಳಿದಳು.

ಈ ಕ್ರಮವನ್ನು ಅನೇಕರು ಭಯಂಕರವೆಂದು ಊಹಿಸಿಕೊಂಡಿರುವುದರಿಂದ ಇದ್ದುದನ್ನು ಇದ್ದಂತೆ ಹೇಳುವುದು ಒಳ್ಳೆಯದು. ಸಾಮಾನ್ಯವಾಗಿ ಮೊದಲು ಶಮನಕಾರಿ ಔಷಧ ಕೊಡುತ್ತಾರೆ. ಬಳಿಕ ಅರಿವಳಿಕೆಯ ಔಷಧವನ್ನೇ ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಹೋಗಿ, ತರುವಾಯ ಉಸಿರೂ ಹೃದಯವೂ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಸ್ನಾಯು ಅದುರಬಹುದು, ಇದು ನೋವಲ್ಲ. 1960ರ ಪ್ರಾಣಿಹಿಂಸೆ ನಿವಾರಣಾ ಶಾಸನವು ಬದುಕಿಸುವುದೇ ಕ್ರೂರವಾಗುವಂತಹ ಸ್ಥಿತಿಯಲ್ಲಿರುವ ಪ್ರಾಣಿಯ ಯಾತನೆ ಮುಗಿಸಲು ಅವಕಾಶ ಕೊಟ್ಟಿದೆ. ಬೀದಿನಾಯಿಗಳಿಗೆ ಸಂಬಂಧಿಸಿದ 2023ರ ನಿಯಮಗಳೂ ಗುಣವಾಗದ ರೋಗಕ್ಕೆ ತುತ್ತಾದ ನಾಯಿಗೆ ಅರ್ಹ ಪಶುವೈದ್ಯರಿಂದ ನೋವಿಲ್ಲದ ಮರಣವನ್ನು ವಿಧಿಸುತ್ತವೆ. ಕೆಂಚನ ತಲೆ ಅವ್ವನ ತೊಡೆಯ ಮೇಲಿತ್ತು.

ಉಳಿದದ್ದು ದುಃಖದ ವಿಚಾರ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ನೆಂಟರು ಬರುತ್ತಾರೆ, ತಿಥಿಯುಂಟು, ಕಾಲೇಜಿಗೆ ರಜೆ ಕೇಳಬಹುದು. ನಾಯಿ ಸತ್ತರೆ “ಅದಕ್ಕೂ ಅಳುತ್ತೀಯೇನೋ?” ಎಂಬ ನಗೆ ಎದುರಾಗುತ್ತದೆ. ಇಂತಹ ದುಃಖಕ್ಕೆ ಸಮಾಜದ ಮನ್ನಣೆಯಿಲ್ಲದಿರುವುದರಿಂದ ಅದು ಮತ್ತಷ್ಟು ಭಾರವಾಗುತ್ತದೆಂದು ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಆದರೆ ಇದನ್ನು ನಮಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನ ಒಂದು ವೀರಗಲ್ಲು ದೊರೆತಿದೆ. ಗಂಗರ ಬೂತುಗನಿಂದ ಮಣಲೆರ ಎಂಬ ವೀರನು ಮೆಚ್ಚಾಗಿ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ಯುದ್ಧ ಕಂಡ ಯೋಧನೊಬ್ಬನು ನಾಯಿಗಾಗಿ ದುಃಖಿಸಲು ನಾಚಲಿಲ್ಲ, ನಾವೇಕೆ ನಾಚಬೇಕು?

ಆದುದರಿಂದ ಇಂತಹ ಸಂದರ್ಭ ಒದಗಿದ ಮಿತ್ರರಿಗೆ ನನ್ನ ವಿನಂತಿ ಇಷ್ಟೆ. ಮೊದಲ ಲಕ್ಷಣಕ್ಕೇ ವೈದ್ಯರನ್ನು ಕಾಣಿರಿ. ಗದರುವ ಮೊದಲು ಕಾರಣ ವಿಚಾರಿಸಿರಿ. ದಿನಗಳನ್ನು ಗುರುತು ಹಾಕಿರಿ. ಚರಂಡಿಯಿಂದ ಎತ್ತಿದ ದಿನ ನಾವು ನೋಡಿದ್ದು ಅದರ ನೋವನ್ನೇ ಹೊರತು ನಮ್ಮ ಲಾಭವನ್ನಲ್ಲ. ಕೊನೆಯ ದಿನವೂ ಅದನ್ನೇ ನೋಡಬೇಕು. ಕೆಂಚನನ್ನು ಹಿತ್ತಲಿನ ತೆಂಗಿನಮರದ ಬುಡದಲ್ಲಿ ಮಣ್ಣುಮಾಡಿದೆವು. ನೀರಿನ ಬಟ್ಟಲನ್ನು ಅವ್ವ ಇನ್ನೂ ಅಲ್ಲಿಯೇ ಇಟ್ಟಿದ್ದಾಳೆ. ಬೀದಿಯ ನಾಯಿಗಳು ಬಂದು ಕುಡಿದು ಹೋಗುತ್ತವೆ.