ಪರನಾಡಿನಲ್ಲಿ ಬಾಡಿಗೆಯ ಬಿಡಾರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಬಾಡಿಗೆಗೆ ಮನೆ ಹಿಡಿದು ನೋಡು ಎಂದು ಅವರು ಹೇಳದೆ ಬಿಟ್ಟುದಕ್ಕೆ ಕಾರಣವಿಲ್ಲದೆ ಇಲ್ಲ. ಆ ಕಾಲದಲ್ಲಿ ಹುಟ್ಟಿದ ಊರನ್ನು ಬಿಡುವವರು ವಿರಳ. ಬಿಟ್ಟವರಿಗೂ ನಂಟರ ಜಗಲಿಯೋ ದೇವಸ್ಥಾನದ ಧರ್ಮಶಾಲೆಯೋ ಒದಗಿಬರುತ್ತಿತ್ತು. ಬಾಡಿಗೆಯ ಮನೆಯೆಂಬುದು ಸಂಬಳದ ನೌಕರಿಯ ಬೆನ್ನಿಗೆ ಹುಟ್ಟಿದ ಕೂಸು. ಮಾಸ್ತರಿಕೆ, ಗುಮಾಸ್ತಿಕೆ, ಬ್ಯಾಂಕು, ಅಂಚೆ, ರೇಲ್ವೆಗಳು ಬಂದ ಮೇಲೆ ಮನುಷ್ಯನು ವರ್ಗದ ಹುಕುಮಿನ ಹಿಂದೆ ಪಾತ್ರೆಪರಡಿಗಳನ್ನು ಹೊತ್ತು ನಡೆಯತೊಡಗಿದನು. ಪರರ ಮನೆಯ ಬಾಗಿಲಲ್ಲಿ ನಿಂತು 'ಜಾಗ ಉಂಟೇ?' ಎಂದು ಕೇಳುವ ವಿದ್ಯೆಯನ್ನು ಕಲಿತನು.

ನಮ್ಮ ಹೊನ್ನಾವರ ದೊಡ್ಡ ಊರೇನೂ ಅಲ್ಲ. ಆದರೂ 1964ರಲ್ಲಿ ಇಲ್ಲಿ ಎಸ್.ಡಿ.ಎಂ. ಕಾಲೇಜು ನೆಲೆಗೊಂಡ ಮೇಲೆ ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಅಧ್ಯಾಪಕರು ಬಂದರು. ಆಮೇಲೆ ಕೊಂಕಣ ರೇಲ್ವೆಯ ನೌಕರರು ಬಂದರು. ಬಂದವರೆಲ್ಲರಿಗೂ ಮನೆ ಬೇಕಾಯಿತು. ಇಲ್ಲಿಯ ಮನೆಯೊಡೆಯರು ಬಹುಮಟ್ಟಿಗೆ ಸಾಧುಗಳು. ಬಾಡಿಗೆಯ ಮೊತ್ತಕ್ಕಾಗಿ ಅವರು ಹಟ ಹಿಡಿಯುವುದಿಲ್ಲ. ಬರಹದ ಕರಾರನ್ನೂ ಎಷ್ಟೋ ಸಲ ಕೇಳುವುದಿಲ್ಲ. ಆದರೆ ಅವರು ಕೇಳುವ ಪ್ರಶ್ನೆಗಳು ಬೇರೆ. 'ನಿಮ್ಮದು ಯಾವ ಮಠ?' ಎಂಬುದು ಮೊದಲನೆಯದು. 'ಮೀನು ಬೇಯಿಸುವುದುಂಟೋ?' ಎಂಬುದು ಎರಡನೆಯದು. ಈ ಎರಡಕ್ಕೂ ತಕ್ಕ ಉತ್ತರ ದೊರೆತರೆ ಮೂರನೆಯ ಪ್ರಶ್ನೆಯಿಲ್ಲದೆ ಬೀಗದ ಕೈ ಸಿಗುವುದು. ದೊರೆಯದಿದ್ದರೆ, 'ನಮ್ಮ ತಮ್ಮನೇ ಬಂದು ಇರುವವನಿದ್ದಾನೆ' ಎಂಬ ಮಾತು ಮಜ್ಜಿಗೆಯ ಲೋಟದೊಡನೆ ಹೊರಬರುವುದು. ನನ್ನ ತಂದೆಯವರು ಪ್ರಾಥಮಿಕ ಶಾಲೆಯ ಶಿಕ್ಷಕರು. ಭಟ್ಕಳ, ಕುಮಟಾ, ಹೊನ್ನಾವರ ಈ ಮೂರು ತಾಲೂಕುಗಳಲ್ಲಿ ನಾವು ಏಳು ಬಾಡಿಗೆಯ ಮನೆಗಳಲ್ಲಿ ಬಾಳಿದೆವು. ಹೀಗಾಗಿ ಬಾಡಿಗೆದಾರನ ಶಾಸ್ತ್ರದಲ್ಲಿ ನನಗೆ ಎಳವೆಯಿಂದಲೇ ಅಭ್ಯಾಸವಿದ್ದಿತೆನ್ನಬೇಕು.

ಈ ಅಭ್ಯಾಸವು ಇಂಗ್ಲೆಂಡಿನಲ್ಲಿ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂದಿತೆಂಬುದೇ ಪ್ರಸ್ತುತ ಲೇಖನದ ವಿಷಯ.

2018ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ಸಂಶೋಧನೆಗೆಂದು ನಾನು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯವನ್ನು ಸೇರಿದೆನು. ವಿದ್ಯಾರ್ಥಿವೇತನವು ತಿಂಗಳಿಗೆ 1,100 ಪೌಂಡು. ಅದು ಒಬ್ಬನಿಗೆಂದು ಎಣಿಸಿದ ಹಣ. ಹೆಂಡತಿ, ಆರು ವರ್ಷದ ಮಗಳು ಜೊತೆಗೆ ಬರಬೇಕಾದರೆ ಅವರ ವೀಸಾಕ್ಕೆ ಬೇರೆಯೇ ಲೆಕ್ಕವಿದ್ದಿತು: ಲಂಡನ್ನಿನ ಹೊರಗೆ ವಾಸಿಸುವ ಪ್ರತಿಯೊಬ್ಬ ಆಶ್ರಿತರಿಗೆ ತಿಂಗಳಿಗೆ 680 ಪೌಂಡಿನಂತೆ ಒಂಬತ್ತು ತಿಂಗಳ ಹಣವನ್ನು ಬ್ಯಾಂಕಿನಲ್ಲಿ 28 ದಿನಗಳ ಕಾಲ ಅಲುಗಾಡದಂತೆ ಇಟ್ಟು ತೋರಿಸಬೇಕು. ಇಬ್ಬರಿಗೆ 12,240 ಪೌಂಡು; ನಮ್ಮ ಹಣದಲ್ಲಿ ಸುಮಾರು 11 ಲಕ್ಷ ರೂಪಾಯಿ. ಹೆಂಡತಿಯ ಬಳೆಗಳು ಸಹಕಾರಿ ಸಂಘದ ತಿಜೋರಿಯನ್ನು ಸೇರಿದುವು. ತಂದೆಯವರ ನಿವೃತ್ತಿಯ ಹಣವು ನನ್ನ ಖಾತೆಗೆ ಬಂದಿತು. ವೀಸಾ ದೊರೆಯಿತು. ನವೆಂಬರ್ ಕೊನೆಯ ವಾರಕ್ಕೆ ತಿಕೀಟುಗಳೂ ಆದುವು. ಅಷ್ಟರೊಳಗೆ ನಾನು ಮನೆ ಹಿಡಿಯಬೇಕು. ಹಿಡಿಯಲಾಗದಿದ್ದರೆ ತಿಕೀಟಿನ ಹಣವೂ ಹೋಯಿತು, ಕೂಸಿನ ಶಾಲೆಯೂ ಎರಡೂ ಕಡೆ ಕೆಟ್ಟಿತು. ಇರುವುದೊಂದು ವರ್ಷವನ್ನು ಫೋನಿನಲ್ಲಿ ಮಾತಾಡುತ್ತ ಕಳೆಯುವುದು.

ವಿಶ್ವವಿದ್ಯಾಲಯದ ಸುತ್ತಮುತ್ತ ಮನೆಗಳಿಗೇನೂ ಕೊರತೆಯಿಲ್ಲ. ಸೆಲ್ಲಿ ಓಕ್ ಎಂಬ ಪೇಟೆಯಲ್ಲಿ ಕೆಂಪು ಇಟ್ಟಿಗೆಯ ಸಾಲುಮನೆಗಳು ಬೀದಿಯ ಮೇಲೆ ಬೀದಿಯಾಗಿ ನಿಂತಿವೆ. ಆದರೆ ಅವು ಸಂಸಾರಕ್ಕೆ ದಕ್ಕುವುದಿಲ್ಲ. ಕಾರಣ ಸರಳವಾದ ಗಣಿತ. ಐದು ಕೋಣೆಗಳ ಮನೆಯನ್ನು ಐವರು ವಿದ್ಯಾರ್ಥಿಗಳಿಗೆ ಕೊಟ್ಟರೆ ಐದು ಬಾಡಿಗೆಗಳು ಬರುತ್ತವೆ. ಐವರ ಹಿಂದೆಯೂ ಐವರು ತಂದೆತಾಯಿಗಳ ಜಾಮೀನಿರುತ್ತದೆ. ಸಂಸಾರಸ್ಥನು ತರುವುದು ಒಂದೇ ಸಂಬಳ. ಇಂತಹ ಮನೆಗಳ ಕರಾರುಗಳು ಮುಂದಿನ ವರ್ಷಕ್ಕೆಂದು ಹಿಂದಿನ ಚಳಿಗಾಲದಲ್ಲಿಯೇ ಮುಗಿದಿರುತ್ತವೆ. ಸೆಪ್ಟೆಂಬರಿನಲ್ಲಿ ಚೀಲ ಹಿಡಿದು ಬಂದವನಿಗೆ ಉಳಿಯುವುದು ಜರಡಿಯಲ್ಲಿ ಉಳಿದ ತರಿ. ತುಸು ದಕ್ಷಿಣಕ್ಕೆ ಬೋರ್ನ್‌ವಿಲ್ ಎಂಬ ಚೆಲುವಾದ ಬಡಾವಣೆಯಿದೆ. ಚಾಕಲೇಟಿನ ಉದ್ಯಮಿ ಜಾರ್ಜ್ ಕ್ಯಾಡ್‌ಬರಿ ಕೆಲಸಗಾರರಿಗೂ ತೋಟವುಳ್ಳ ಮನೆ ದೊರೆಯಲೆಂದು ಅದನ್ನು ಕಟ್ಟಿಸಿ 1900ರಲ್ಲಿ ಒಂದು ಧರ್ಮದರ್ಶಿ ಸಂಸ್ಥೆಗೆ ಒಪ್ಪಿಸಿದರು. ಭಾನುವಾರಗಳಲ್ಲಿ ಅಲ್ಲಿ ಅಡ್ಡಾಡಿ ಬರುವ ಭಾಗ್ಯ ನನಗಿದ್ದಿತು. ಅದಕ್ಕಿಂತ ಹೆಚ್ಚಿನದು ಎಟುಕಲಿಲ್ಲ.

ಇಂಗ್ಲೆಂಡಿನಲ್ಲಿ ಮನೆಯೊಡೆಯನ ಮುಖವನ್ನು ಬಾಡಿಗೆದಾರನು ಕಾಣುವುದು ಅಪರೂಪ. ನಡುವೆ ಏಜೆಂಟನ ಮೇಜು ಇರುತ್ತದೆ. ಆ ಮೇಜಿನ ಮುಂದೆ ಯಾವ ಮಠವೆಂದು ಯಾರೂ ಕೇಳುವುದಿಲ್ಲ, ಕೇಳುವುದು ಕಾಗದ. ಬಹುಪಾಲು ಏಜೆಂಟರ ಕಟ್ಟಳೆಯೆಂದರೆ ಬಾಡಿಗೆದಾರನ ವಾರ್ಷಿಕ ವರಮಾನವು ತಿಂಗಳ ಬಾಡಿಗೆಯ ಮೂವತ್ತು ಪಟ್ಟಾದರೂ ಇರಬೇಕು. ಬಾಡಿಗೆ 700 ಪೌಂಡಾದರೆ ವರಮಾನ 21,000; ನನ್ನದು 13,200. ಹಾಗಾದರೆ ಆ ದೇಶದಲ್ಲಿಯೇ ಸ್ವಂತ ಮನೆಯುಳ್ಳ ಜಾಮೀನುದಾರನನ್ನು ತರಬೇಕು. ಅವನೂ ಇಲ್ಲದಿದ್ದರೆ ಆಗ ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಸುರಿಯಬೇಕಾಗುತ್ತಿದ್ದಿತು: 4,200 ಪೌಂಡು. ಇದರ ಮೇಲೆ ವಿಚಾರಣೆಯ ಶುಲ್ಕ, ಕರಾರು ಬರೆಯುವ ಶುಲ್ಕ ಬೇರೆ. ಈ ಶುಲ್ಕಗಳು 2019ರ ಜೂನ್ 1ರಿಂದ ಕಾನೂನಿನಿಂದ ನಿಂತುಹೋದುವು. ನಾನು ಒಂಬತ್ತು ತಿಂಗಳು ಮುಂಚಿತವಾಗಿ ಹೋಗಿದ್ದೆನು.

ಇನ್ನೊಂದು ಕಟ್ಟಳೆ ಸರಕಾರದ್ದೇ. ಮನೆ ಕೊಡುವ ಮುನ್ನ ಬಾಡಿಗೆದಾರನಿಗೆ ಆ ದೇಶದಲ್ಲಿರುವ ಹಕ್ಕಿದೆಯೇ ಎಂಬುದನ್ನು ಮನೆಯೊಡೆಯನೇ ಪರೀಕ್ಷಿಸಬೇಕು, ತಪ್ಪಿದರೆ ದಂಡ. 2014ರ ವಲಸೆ ಕಾಯಿದೆಯ ಈ ನಿಯಮವನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಯೋಗಕ್ಕೆಂದು ಮೊದಲು ಜಾರಿಗೊಳಿಸಿದ್ದು ಬರ್ಮಿಂಗ್‌ಹ್ಯಾಮ್ ಮತ್ತು ಅದರ ನೆರೆಯ ಪಟ್ಟಣಗಳಲ್ಲಿಯೇ. 2016ರ ಫೆಬ್ರುವರಿ 1ರಿಂದ ಅದು ಇಂಗ್ಲೆಂಡಿಗೆಲ್ಲ ಅನ್ವಯಿಸಿತು. ಕಾಗದ ಸರಿಯಿದ್ದವನಿಗೆ ಇದರಿಂದೇನು ಬಾಧೆಯೆಂದು ಕೇಳಬಹುದು. ದಂಡದ ಭಯವುಳ್ಳ ಮನೆಯೊಡೆಯನು ಕಾಗದವನ್ನು ಓದುವ ತೊಂದರೆಗಿಂತ ಹೆಸರನ್ನು ಓದಿ ಬದಿಗಿಡುವುದನ್ನು ಲೇಸೆಂದು ಬಗೆಯುತ್ತಾನೆ. 2019ರ ಮಾರ್ಚಿನಲ್ಲಿ ಲಂಡನ್ನಿನ ಹೈಕೋರ್ಟು ಈ ನಿಯಮವು ಭೇದಕ್ಕೆ ಎಡೆಗೊಡುತ್ತದೆಂದು ತೀರ್ಪಿತ್ತಿತು. ಮರುವರ್ಷ ಮೇಲಿನ ನ್ಯಾಯಾಲಯವು ಭೇದ ನಡೆಯುತ್ತಿರುವುದನ್ನು ಒಪ್ಪಿಕೊಂಡಿತಾದರೂ ನಿಯಮವನ್ನು ಎತ್ತಿಹಿಡಿಯಿತು.

ನನಗೆ ಹೆಚ್ಚು ಸೋಜಿಗವಾದುದು ಮಗುವಿನ ವಿಷಯ. ನಮ್ಮ ಕೈಗೆ ನಿಲುಕುವುದು ಒಂದು ಮಲಗುವ ಕೋಣೆ, ಒಂದು ನಡುಮನೆ ಇರುವ ಬಿಡಾರ. ಹೊನ್ನಾವರದಲ್ಲಿ ಅಷ್ಟು ಜಾಗದಲ್ಲಿ ಐವರು ಕೈಕಾಲು ಚಾಚಿ ಮಲಗುತ್ತೇವೆ. ಅವರ 1985ರ ವಸತಿ ಕಾಯಿದೆಯೂ ಇಂತಹ ಬಿಡಾರದಲ್ಲಿ ದಂಪತಿಗಳು ಮತ್ತು ಚಿಕ್ಕ ಮಗುವಿನ ವಾಸವನ್ನು ನಿಷೇಧಿಸುವುದಿಲ್ಲ. ಹತ್ತು ವರ್ಷದೊಳಗಿನ ಮಗುವನ್ನು ಅದು ಅರ್ಧ ತಲೆಯೆಂದೇ ಎಣಿಸುತ್ತದೆ. ಆದರೆ ಏಜೆಂಟನ ಮೇಜಿನ ಕಾನೂನು ಬೇರೆ. 'ಒಂದು ಕೋಣೆಯ ಮನೆ ಇಬ್ಬರಿಗೆ ಮಾತ್ರ' ಎಂದು ನಾಲ್ಕು ಕಡೆ ಹೇಳಿದರು. ನಮ್ಮ ಕೂಸು ಅರ್ಧ ತಲೆಯಾಗಿಯೂ ಎಲ್ಲಿಯೂ ಸಲ್ಲಲಿಲ್ಲ. ಅಕ್ಟೋಬರ್ ಮುಗಿಯುವ ಹೊತ್ತಿಗೆ ನಾನು ಹದಿನೇಳು ಮನೆಗಳನ್ನು ನೋಡಿದ್ದೆನು.

ಹದಿನೆಂಟನೆಯದು ನಗರದ ಪಶ್ಚಿಮಕ್ಕೆ ಅಂಟಿಕೊಂಡಿರುವ ಸ್ಮೆದಿಕ್ ಎಂಬ ಪಟ್ಟಣದಲ್ಲಿ ದೊರೆಯಿತು. ಅಂಗಡಿಯೊಂದರ ಕಿಟಕಿಯಲ್ಲಿ ಕೈಬರಹದ ಚೀಟಿ ಅಂಟಿಸಿದ್ದರು. ಒಡೆಯರು ಎಪ್ಪತ್ತು ದಾಟಿದ ಪಂಜಾಬಿ ಹಿರಿಯರು. ಅವರು ಹಿಂದಿಯಲ್ಲಿ ಕೇಳಿದ ಪ್ರಶ್ನೆಗಳು ಎರಡೇ: 'ಮಗು ಎಷ್ಟು ವರ್ಷದ್ದು? ಎಂದು ಬರುತ್ತಾರೆ?' ಎರಡು ಪುಟ್ಟ ಕೋಣೆಗಳ ಮನೆಗೆ 575 ಪೌಂಡು; ಒಂದು ತಿಂಗಳ ಠೇವಣಿ. ಜಾಮೀನಿನ ಮಾತನ್ನು ನಾನೇ ಎತ್ತಿದಾಗ ಅವರು ತಮ್ಮ ಕತೆಯನ್ನು ಹೇಳಿದರು. 1963ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಬಂದು ಎರಕದ ಕಾರ್ಖಾನೆಗೆ ಸೇರಿದವರು ಅವರು. ಆಗ ಅವರಂತಹವರಿಗೆ ಬಾಡಿಗೆಗೆ ಕೋಣೆ ಕೊಡುವವರಿರಲಿಲ್ಲ. ಒಂದೇ ಹಾಸಿಗೆಯಲ್ಲಿ ಹಗಲು ಪಾಳಿಯವನು ರಾತ್ರಿಯೂ, ರಾತ್ರಿ ಪಾಳಿಯವನು ಹಗಲೂ ಮಲಗುತ್ತಿದ್ದರು. ಹಾಸಿಗೆ ತಣ್ಣಗಾಗಲು ಪುರಸೊತ್ತಿರಲಿಲ್ಲವೆಂದು ಅವರು ನಕ್ಕರು. ಕೊನೆಗೆ ಹತ್ತಾರು ಮಂದಿ ಹಣ ಕೂಡಿಸಿ ಹಳೆಯ ಮನೆಯೊಂದನ್ನು ಕೊಂಡು ಒಟ್ಟಿಗೆ ಇದ್ದರು. ಆಮೇಲೆ ಎರಡನೆಯದನ್ನು ಕೊಂಡರು.

ಇದು ಒಬ್ಬರ ಕತೆಯಲ್ಲ. ಬಣ್ಣದ ಜನರಿಗೆ ಜಾಗವಿಲ್ಲವೆಂಬ ಫಲಕಗಳನ್ನು ಕಿಟಕಿಯಲ್ಲಿ ತೂಗಹಾಕಲು ಆ ಕಾಲದ ಇಂಗ್ಲೆಂಡಿನಲ್ಲಿ ಅಡ್ಡಿಯಿರಲಿಲ್ಲ. 1964ರ ಚುನಾವಣೆಯಲ್ಲಿ ಸ್ಮೆದಿಕ್ಕಿನ ಪಾರ್ಲಿಮೆಂಟು ಸ್ಥಾನವನ್ನು ವಲಸೆಗಾರರ ಮೇಲಿನ ದ್ವೇಷದ ಗಾಳಿಯಲ್ಲಿಯೇ ಗೆದ್ದುಕೊಳ್ಳಲಾಯಿತು. ಅಲ್ಲಿಯ ಮಾರ್ಷಲ್ ಬೀದಿಯಲ್ಲಿ ಖಾಲಿಯಾದ ಮನೆಗಳನ್ನು ಪುರಸಭೆಯೇ ಕೊಂಡು ಬಿಳಿಯರಿಗೆ ಮಾತ್ರ ಕೊಡಬೇಕೆಂಬ ಯೋಜನೆಯೂ ಹುಟ್ಟಿತು. ಭಾರತೀಯ ಕಾರ್ಮಿಕರ ಸಂಘದ ಅವತಾರ್ ಸಿಂಗ್ ಜೌಹಲ್ ಮೊದಲಾದವರು ಇದನ್ನು ಎದುರಿಸಿದರು. 1965ರ ಫೆಬ್ರುವರಿ 12ರಂದು ಅಮೇರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ ಆ ಬೀದಿಗೆ ಬಂದು ನಡೆದಾಡಿದರು. ಒಂಬತ್ತು ದಿನಗಳ ಮೇಲೆ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ವಸತಿ ಸಚಿವ ರಿಚರ್ಡ್ ಕ್ರಾಸ್‌ಮನ್ ಪುರಸಭೆಯ ಸಾಲಕ್ಕೆ ಒಪ್ಪಿಗೆ ಕೊಡದಿದ್ದುದರಿಂದ ಯೋಜನೆಯು ಬಿದ್ದುಹೋಯಿತು. 1965ರ ಜನಾಂಗ ಸಂಬಂಧಗಳ ಕಾಯಿದೆಯು ವಸತಿಯನ್ನು ಮುಟ್ಟಿರಲಿಲ್ಲ. 1968ರ ಕಾಯಿದೆಯೊಡನೆ ಬಣ್ಣ ನೋಡಿ ಮನೆ ನಿರಾಕರಿಸುವುದು ಅಕ್ರಮವೆನಿಸಿತು.

ಕನ್ನಡ ವಾಚಕರಿಗೆ ಇಲ್ಲಿ ಒಂದು ಮಾತು ನೆನಪಾಗದಿರದು. ಇದೇ ವರ್ಷಗಳಲ್ಲಿ, 1963ರಿಂದ 1966ರ ವರೆಗೆ, ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧಕರಾಗಿದ್ದರು. 'ಸಂಸ್ಕಾರ' ಅಲ್ಲಿಯೇ 1965ರಲ್ಲಿ ಬರೆಯಲ್ಪಟ್ಟಿತು. ಒಂದು ಶವವನ್ನು ಯಾರು ಮುಟ್ಟಬಹುದು, ಯಾರು ಮುಟ್ಟಲಾಗದು ಎಂದು ಅಗ್ರಹಾರವೊಂದು ತಲೆಕೆಡಿಸಿಕೊಳ್ಳುವ ಕತೆಯು ಅಲ್ಲಿ ಬರೆಯಲ್ಪಡುತ್ತಿದ್ದಾಗ, ಕೆಲವೇ ಮೈಲಿಗಳಾಚೆ ಒಂದು ಬೀದಿಯ ಮನೆಗಳನ್ನು ಯಾರು ಹೊಗಬಹುದು, ಯಾರು ಹೊಗಲಾಗದು ಎಂಬ ಚರ್ಚೆ ನಡೆಯುತ್ತಿದ್ದಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಎರಡೂ ಒಂದೇ ಕಾಯಿಲೆಯ ಎರಡು ಲಕ್ಷಣಗಳೆಂದು ಮಾತ್ರ ಹೇಳುತ್ತೇನೆ.

ನವೆಂಬರ್ ಕೊನೆಗೆ ಹೆಂಡತಿಯೂ ಮಗಳೂ ಬಂದರು. ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆದರೆ ಮಗುವಿನ ಶಾಲೆಯು ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಸರಕಾರದ ಶಾಲೆಗೆ ಶುಲ್ಕವಿಲ್ಲ, ಆದರೆ ವಿಳಾಸವಿಲ್ಲದೆ ಪ್ರವೇಶವೂ ಇಲ್ಲ. ಬ್ಯಾಂಕಿಗೂ ವಿಳಾಸವೇ ಮೊದಲು ಬೇಕು. ಮನೆಯೊಂದು ಸಿಕ್ಕ ದಿನ ಉಳಿದ ಬಾಗಿಲುಗಳೆಲ್ಲ ತಾವಾಗಿ ತೆರೆದುಕೊಂಡುವು. ಚಳಿಗಾಲದಲ್ಲಿ ಗೋಡೆಗೆ ಬೂಸು ಬಂದಿತು. ಒಳಗೆ ಬಟ್ಟೆ ಒಣಗಿಸಿದರೆ ಹೀಗಾಗುತ್ತದೆಂದು ನೆರೆಯವರು ಎಚ್ಚರಿಸಿದರು. ಆಷಾಢ ಶ್ರಾವಣಗಳಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹಾಕಿ ಬೆಳೆದ ಕರಾವಳಿಯವರಿಗೆ ಬೂಸಿನ ಭಯವಿಲ್ಲ. ಕಿಟಕಿಯನ್ನು ದಿನಕ್ಕೆರಡು ಸಲ ತೆರೆದು ಅದನ್ನು ಗೆದ್ದೆವು.

ಮುಂದೆ ಹೋಗುವವರ ಅನುಕೂಲಕ್ಕಾಗಿ ಕೆಲವು ಸಂಗತಿಗಳನ್ನು ಹೇಳಬೇಕು. ಠೇವಣಿಯ ಹಣವನ್ನು ಅಲ್ಲಿಯ ಮನೆಯೊಡೆಯನು ರಕ್ಷಣೆಯಿಲ್ಲದೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. 2007ರಿಂದೀಚೆಗೆ ಅದನ್ನು ಅಂಗೀಕೃತ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಬೇಕು; ಈಗಿನ ಗಡುವು ಮೂವತ್ತು ದಿನ. 2019ರ ಕಾಯಿದೆಯಂತೆ ಸಾಮಾನ್ಯ ಮನೆಗಳಿಗೆ ಅದು ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ತೆತ್ತವರಿಗೆ ಇದು ಕನಸಿನಂತೆ ಕಂಡೀತು; ನಮ್ಮಲ್ಲಿಯೂ 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಮುಂಗಡವನ್ನೇ ಮಿತಿಯೆಂದು ಸೂಚಿಸಿದೆ. ಪೂರ್ಣಕಾಲದ ವಿದ್ಯಾರ್ಥಿಯೂ, ಸರಕಾರದ ನೆರವನ್ನು ಪಡೆಯಲು ವೀಸಾದಲ್ಲಿ ಅವಕಾಶವಿಲ್ಲದ ಅವನ ವಿದೇಶೀಯ ಹೆಂಡತಿಯೂ ಮಾತ್ರ ಇರುವ ಮನೆಗೆ ಪುರಸಭೆಯ ತೆರಿಗೆಯಿಲ್ಲ. ಆದರೆ ಅರ್ಜಿ ಹಾಕಿ ಕೇಳಬೇಕು. ಆರು ತಿಂಗಳ ಬಾಡಿಗೆಯನ್ನು ಮೊದಲೇ ಕೇಳುವ ರೂಢಿಗೆ 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆಯು ತಡೆಯೊಡ್ಡಿದೆ. 2026ರ ಮೇ 1ರಿಂದ ಜಾರಿಯೆಂದು ಗೊತ್ತಾದ ಕಟ್ಟಳೆಯಂತೆ ಒಂದು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ. 2024ರ ಜನವರಿಯಿಂದ ಸಂಶೋಧನೆಗೆ ಹೋಗುವವರೂ ಸರಕಾರದ ವೇತನ ಪಡೆದವರೂ ಹೊರತಾಗಿ ಉಳಿದ ಹೊಸ ವಿದ್ಯಾರ್ಥಿಗಳು ಸಂಸಾರವನ್ನು ಕರೆದೊಯ್ಯುವಂತಿಲ್ಲವೆಂಬುದನ್ನೂ ಮರೆಯಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬರು ಮುಂದೆ ಹೋಗಿ, ಕಣ್ಣಾರೆ ಮನೆ ನೋಡಿ, ಆಮೇಲೆ ಹಣ ಕೊಡುವುದು ಲೇಸು. ಭಟ್ಕಳದಿಂದ ಕೊಲ್ಲಿಯ ನಾಡುಗಳಿಗೆ ಹೋದ ಸಂಸಾರಗಳು ಬಹುಕಾಲದಿಂದ ನಡೆಸಿಕೊಂಡು ಬಂದ ಕ್ರಮವಿದು.

ಕಾನೂನು ಬಾಗಿಲನ್ನು ಅರ್ಧ ತೆರೆಸಬಲ್ಲುದು. ಉಳಿದರ್ಧವನ್ನು ಒಳಗಿರುವವರೇ ತೆರೆಯಬೇಕು. ಸ್ಮೆದಿಕ್ಕಿನ ಹಿರಿಯರಿಗೆ ನಾವು ಯಾವ ಮಠದವರೆಂಬುದು ಕೊನೆಯ ತನಕ ತಿಳಿಯಲಿಲ್ಲ. ನಾವು ಏನು ಬೇಯಿಸುತ್ತೇವೆಂಬುದನ್ನು ಅವರು ಕೇಳಲೂ ಇಲ್ಲ. ತಮಗೆ ಬಾಗಿಲು ಮುಚ್ಚಿದ ಬೀದಿಯಲ್ಲಿಯೇ ಅವರು ಬೇರೊಬ್ಬರಿಗೆ ಬಾಗಿಲು ತೆರೆದರು. ನಮ್ಮ ಊರಿಗೂ ಪ್ರತಿವರ್ಷ ಜೂನಿನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ವರ್ಗವಾದ ಶಿಕ್ಷಕರೂ ದಾದಿಯರೂ ಬ್ಯಾಂಕಿನ ಹುಡುಗರೂ ಕೊಡೆ ಹಿಡಿದು ಮನೆ ಕೇಳುತ್ತ ಬರುತ್ತಾರೆ. ಎಷ್ಟು ಜನ, ಎಂದು ಬರುತ್ತೀರಿ ಎಂಬೆರಡು ಪ್ರಶ್ನೆಗಳು ಅವರಿಗೂ ಸಾಕು.