ಬಿಲ್ಲುಗಳು ಏನು ಹೇಳುತ್ತವೆ?

ಪೇಟೆಯ ದೊಡ್ಡ ಅಂಗಡಿಯಲ್ಲಿ ನಾವು ಬೇಳೆ, ಎಣ್ಣೆ, ಸೋಪು ತಗೊಳ್ಳುತ್ತೇವೆ. ದುಡ್ಡು ಕೊಟ್ಟಾಗ ಬಿಲ್ಲು ಕೊಡ್ತಾರೆ. ಚೀಟಿ ನಮ್ಮ ಕೈಗೆ ಬರುತ್ತದೆ. ಅದರ ಲೆಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ.

ಒಂದು ಬಿಲ್ಲು ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಲಕ್ಷ ಬಿಲ್ಲುಗಳನ್ನು ಒಟ್ಟಿಗೆ ನೋಡಿದರೆ? ಯಾವ ಸಾಮಾನು ಯಾವಾಗ ಖರ್ಚಾಗುತ್ತದೆ, ಯಾವುದರ ಜೊತೆ ಯಾವುದನ್ನು ಜನ ಕೊಳ್ಳುತ್ತಾರೆ ಅಂತ ಗೊತ್ತಾಗುತ್ತದೆ. ಇದನ್ನು ಕಂಪ್ಯೂಟರಿನಿಂದ ಹುಡುಕಿಸುತ್ತಾರೆ. ಈ ಕೆಲಸಕ್ಕೆ ಡೇಟಾ ಮೈನಿಂಗ್ ಅಂತ ಹೆಸರು. ಡೇಟಾ ಅಂದರೆ ಮಾಹಿತಿ. ಮೈನಿಂಗ್ ಅಂದರೆ ಗಣಿ ಅಗೆಯುವುದು. ಕೋಲಾರದ ಗಣಿಯಲ್ಲಿ 2001ರವರೆಗೆ ರಾಶಿ ಕಲ್ಲು ಒಡೆದು ಚೂರು ಚಿನ್ನ ತೆಗೆಯುತ್ತಿದ್ದರು. ಇದೂ ಹಾಗೆಯೇ. ರಾಶಿ ಲೆಕ್ಕದಿಂದ ಉಪಯೋಗದ ವಿಷಯ ತೆಗೆಯುವುದು.

ಅಮೆರಿಕದಲ್ಲಿ ನಡೆದ ಒಂದು ಸಂಗತಿ ನೋಡೋಣ. ವಾಲ್‌ಮಾರ್ಟ್ ಅಲ್ಲಿನ ಬಹು ದೊಡ್ಡ ಅಂಗಡಿ ಕಂಪನಿ. 2004ರಲ್ಲಿ ಫ್ಲಾರಿಡಾ ರಾಜ್ಯಕ್ಕೆ ಚಂಡಮಾರುತ ಬಡಿಯಿತು. ಕೆಲವೇ ವಾರಗಳಲ್ಲಿ ಇನ್ನೊಂದು ಬರುತ್ತದೆ ಎಂದು ಸುದ್ದಿ ಬಂತು. ಈ ಸಲ ಜನ ಏನು ಕೊಳ್ಳಬಹುದು? ಕಂಪನಿಯವರು ಹಿಂದಿನ ಚಂಡಮಾರುತದ ಹೊತ್ತಿನ ಲೆಕ್ಕ ತೆಗೆದರು. ಟಾರ್ಚು ಖರ್ಚಾಗುತ್ತದೆ ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಲೆಕ್ಕದಲ್ಲಿ ಬೇರೊಂದು ವಿಷಯ ಸಿಕ್ಕಿತು. ಸ್ಟ್ರಾಬೆರಿ ಹಣ್ಣಿನ ಜಾಮ್ ತುಂಬಿದ ಒಂದು ಸಿಹಿ ತಿಂಡಿ ಮಾಮೂಲಿಗಿಂತ 7 ಪಟ್ಟು ಖರ್ಚಾಗಿತ್ತು! ಅದನ್ನು ಬೇಯಿಸಬೇಕಿಲ್ಲ. ಕರೆಂಟು ಹೋದರೂ ತಿನ್ನಬಹುದು. ಕೂಡಲೇ ಲಾರಿಗಳಲ್ಲಿ ಆ ತಿಂಡಿ ಹೊರಟಿತು. ಜನರಿಗೆ ಬೇಕಾದದ್ದು ಸಿಕ್ಕಿತು. ಕಂಪನಿಗೆ ವ್ಯಾಪಾರವಾಯಿತು.

ಈಗ ನಮ್ಮ ವಿಷಯ. ಬಿಲ್ಲು ಮಾಡುವಾಗ ಮೊಬೈಲ್ ನಂಬರು ಕೇಳ್ತಾರೆ, ಅಲ್ವಾ? ನಂಬರು ಕೊಟ್ಟರೆ ನಾವು ಕೊಂಡದ್ದೆಲ್ಲ ಆ ನಂಬರಿನ ಲೆಕ್ಕಕ್ಕೆ ಸೇರಬಹುದು. ನಮ್ಮ ಮನೆಗೆ ಏನು ಬೇಕು ಅಂತ ಅವರು ತಿಳಿಯಬಹುದು. ಆಮೇಲೆ ಆಸೆ ಹುಟ್ಟಿಸುವ ಮೆಸೇಜು ಕಳಿಸಬಹುದು. ಬೇಡದ ಸಾಮಾನಿಗೂ ನಮ್ಮ ದುಡ್ಡು ಹೋಗಬಹುದು. ನಂಬರು ಕೊಡಲೇಬೇಕಾ? ಬೇಕಿಲ್ಲ. ಬಲವಂತ ಮಾಡಬಾರದು ಅಂತ ಕೇಂದ್ರ ಸರ್ಕಾರ 2023ರಲ್ಲಿ ಅಂಗಡಿಗಳಿಗೆ ಹೇಳಿದೆ. “ನಂಬರು ಯಾಕೆ ಬೇಕು?” ಅಂತ ಕೇಳೋಣ. ಇಷ್ಟವಿಲ್ಲದಿದ್ದರೆ “ಕೊಡೋದಿಲ್ಲ” ಅನ್ನೋಣ. ಆದರೆ ಬಿಲ್ಲು ಬಿಡಬಾರದು.

ಅಕ್ಕಂದಿರೇ, ಲೆಕ್ಕ ಓದಿ ಲಾಭ ಪಡೆಯುವುದು ದೊಡ್ಡ ಕಂಪನಿಗೆ ಮಾತ್ರ ಅಲ್ಲ. ನಮ್ಮಲ್ಲಿ ಸೊಪ್ಪು ಮಾರುವವರಿದ್ದೇವೆ. ರೊಟ್ಟಿ, ಹಪ್ಪಳ ಮಾರುವವರಿದ್ದೇವೆ. ಎಷ್ಟು ಒಯ್ದೆವು, ಎಷ್ಟು ಖರ್ಚಾಯ್ತು, ಎಷ್ಟು ಉಳೀತು? ದಿನಾ ಬರೆಯೋಣ. ತಿಂಗಳಿಗೊಮ್ಮೆ ಓದೋಣ. ಸಂತೆಯ ದಿನ ಎಷ್ಟು ಕಟ್ಟು ಸೊಪ್ಪು ಬೇಕು, ಉಳಿದ ದಿನ ಎಷ್ಟು ಸಾಕು ಅಂತ ತಿಳಿಯುತ್ತದೆ. ಸೊಪ್ಪು ಬಾಡಿ ಹಾಳಾಗುವುದು ಕಡಿಮೆಯಾಗುತ್ತದೆ.

ಮಾತಾಡೋಣ:
ನಂಬರು ಕೇಳಿದಾಗ ನಾವು ಏನು ಹೇಳುತ್ತೇವೆ?
ನಮ್ಮ ಲೆಕ್ಕದ ಪುಸ್ತಕದಲ್ಲಿ ಏನೇನು ಬರೆಯಬೇಕು?